ಪುದುಚೇರಿಯಲ್ಲಿ ಫ್ರೆಂಚ್ ಊಟ

ಸೇಲಂನಿಂದ ಉಳುಂದೂರುಪೇಟೆ, ವಿಳುಪ್ಪುರಂ ಮಾರ್ಗವಾಗಿ ಪುದುಚೇರಿಗೆ ಹೋಗುವ ನಮ್ಮವರು ಸಾಮಾನ್ಯವಾಗಿ ಆಶ್ರಮವನ್ನೂ ಕಡಲತೀರವನ್ನೂ ನೋಡಿ, ಇಡ್ಲಿ ತಿಂದು ಹಿಂದಿರುಗುತ್ತಾರೆ. ಒಂದು ಹೊತ್ತಾದರೂ ಫ್ರೆಂಚರ ಪದ್ಧತಿಯಲ್ಲಿ ಉಣ್ಣಬೇಕೆಂಬುದು ನನ್ನ ಸಲಹೆ. ಸಫ್ರೆನ್ ಬೀದಿಯ ವಿಲ್ಲಾ ಶಾಂತಿಯಂತಹ ಹಳೆಯ ಮನೆಗಳ ಅಂಗಳದಲ್ಲಿ ಅದು ದೊರೆಯುತ್ತದೆ, ಅಗ್ಗವಂತೂ ಅಲ್ಲ.

ಅಲ್ಲಿ ಎಲ್ಲವನ್ನೂ ಒಮ್ಮೆಗೇ ಬಡಿಸುವುದಿಲ್ಲ. ಮೊದಲು ಸೂಪು, ಅನಂತರ ಮುಖ್ಯ ಭಕ್ಷ್ಯ, ಕೊನೆಗೆ ಸಿಹಿ. ನಡುವಿನ ವಿರಾಮ ಮಾತಿಗೆ ಮೀಸಲು. ಸಸ್ಯಾಹಾರಿಗಳು ಕೇಳಿಯೇ ತರಿಸಬೇಕು: ಈರುಳ್ಳಿ ಸೂಪನ್ನು ಸಾಂಪ್ರದಾಯಿಕವಾಗಿ ಗೋಮಾಂಸ ಬೇಯಿಸಿದ ರಸದಲ್ಲಿ ಕುದಿಸುತ್ತಾರೆ. ರಟಟೂಯಿ ನಿರಪಾಯ, ಬದನೆ, ಟೊಮೆಟೊ, ದೊಣ್ಣೆಮೆಣಸಿನಕಾಯಿಗಳನ್ನು ಆಲಿವ್ ಎಣ್ಣೆಯಲ್ಲಿ ನಿಧಾನವಾಗಿ ಬೇಯಿಸಿದ್ದು. ನನ್ನ ಮಗಳು ಅದನ್ನು ಖಾರವಿಲ್ಲದ ಗೊಜ್ಜು ಎಂದಳು.

ಅಂಥ ವಿರಾಮವೊಂದರಲ್ಲಿಯೇ ಅವಳು ಬೀದಿಯ ಫಲಕಗಳ ವಿಷಯ ಎತ್ತಿದ್ದು. 1954ರಲ್ಲಿ ಆಡಳಿತ ಬಿಟ್ಟುಕೊಟ್ಟವರ ಭಾಷೆ ತಮಿಳಿನ ಜೊತೆಗೆ ಇನ್ನೂ ಏಕಿದೆ? 1956ರ ಒಪ್ಪಂದದ 28ನೆಯ ವಿಧಿಯನ್ನು ತಿಳಿಸಿದೆ: ಚುನಾಯಿತ ಪ್ರತಿನಿಧಿಗಳು ಬೇರೆ ತೀರ್ಮಾನ ಕೈಗೊಳ್ಳುವವರೆಗೆ ಫ್ರೆಂಚ್ ಅಧಿಕೃತ ಭಾಷೆಯಾಗಿ ಉಳಿಯತಕ್ಕದ್ದು.

"ನಮ್ಮ ಕನ್ನಡ ಶಾಲೆಗೂ ಅಂಥ ಕಾಗದ ಇದೆಯೇ ಅಪ್ಪಾ?"

ಸಂವಿಧಾನದ 350ಎ ವಿಧಿಯಿದೆ, ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಬೋಧನೆಗೆ ಸೌಕರ್ಯ ಒದಗಿಸಲು ರಾಜ್ಯಗಳು ಪ್ರಯತ್ನಿಸಬೇಕು ಎಂದೆ.

"ಪ್ರಯತ್ನಿಸಿದರೆ ಸಾಕೇ?"

ನ್ಯಾಯಾಲಯದಲ್ಲಿ ನಾವು ವಾದಿಸುವುದೂ ಆ ಒಂದು ಪದದ ಸುತ್ತಲೇ. 30ನೆಯ ವಿಧಿ ಅದಕ್ಕಿಂತ ಗಟ್ಟಿ, ಶಾಲೆಯನ್ನು ನಾವೇ ಕಟ್ಟಿ ನಡೆಸುವ ಹಕ್ಕು ಅದರಲ್ಲಿದೆ ಎಂದು ಹೇಳುತ್ತಿರುವಾಗ ಸಿಹಿ ಬಂತು.