ನಾಲ್ಕು ಬೆರಳಿನ ದೂರ

ಹೋದ ವರ್ಷದ ಆಷಾಢ. ಮದುವೆಯಿಲ್ಲ, ಆರತಕ್ಷತೆಯಿಲ್ಲ, ಹಾಗಾಗಿ ಭಾನುವಾರವೂ ನಾನು ಮನೆಯಲ್ಲೇ ಇದ್ದೆ. ಪಾಠಕ್ಕೆ ಬರುವ ಹುಡುಗಿಯ ಜೊತೆ ಅವಳ ಅಮ್ಮನೂ ಬಂದರು, ಕೈಯಲ್ಲೊಂದು ಡಬ್ಬಿ ಚಕ್ಕುಲಿ. ಚಕ್ಕುಲಿಯ ಹಿಂದೆ ಒಂದು ಅಹವಾಲು ಇದ್ದೇ ಇರುತ್ತದೆ ಎನ್ನುವುದು ಇಷ್ಟು ವರ್ಷದ ಮೇಷ್ಟ್ರುಗಿರಿಯಲ್ಲಿ ನನಗೆ ಗೊತ್ತಾದ ವಿಷಯ.

“ಸರ್, ಇವಳು ಇಂಜಿನಿಯರಿಂಗ್ ಮುಗಿಸಿ ಕೆಲಸಕ್ಕೆ ಹೋಗಲ್ವಂತೆ. ಹಾಡಿಕೊಂಡೇ ಬದುಕ್ತೀನಿ ಅಂತ ಹಟ ಹಿಡಿದಿದಾಳೆ. ನೀವೇ ಸ್ವಲ್ಪ ಬುದ್ಧಿ ಹೇಳಿ.”

ಮಗಳು ಕಿಟಕಿಯಾಚೆಯ ಸಂಪಿಗೆ ಮರ ನೋಡುತ್ತ ಕೂತಿದ್ದಳು. ಹಾಡಿಕೊಂಡೇ ಬದುಕಿದವನ ಮನೆಗೆ ಬಂದು, ಹಾಗೆ ಬದುಕಬೇಡವೆಂದು ಬುದ್ಧಿ ಹೇಳಿ ಅನ್ನುವುದರಲ್ಲಿ ಆ ತಾಯಿಗೆ ವಿಚಿತ್ರವೇನೂ ಕಾಣಲಿಲ್ಲ. ನಮ್ಮ ಮನೆಯ ಸೋಫಾ ನೋಡಿದವರು ಯಾರೂ ಅವರನ್ನು ತಪ್ಪೆನ್ನಲಾರರು.

ಬುದ್ಧಿ ಹೇಳುವ ಕಲೆ ನನಗೆ ಒಲಿದಿಲ್ಲ. ಬೀರುವಿನ ಮೇಲಿಂದ ಒಂದು ರಟ್ಟಿನ ಪೆಟ್ಟಿಗೆ ಇಳಿಸಿ, ಅದರೊಳಗಿದ್ದ ಹಳೇ ಮೈಕನ್ನು ಹುಡುಗಿಯ ಕೈಗಿಟ್ಟೆ. ತಲೆಯ ಜಾಲರಿ ಒಂದು ಕಡೆ ಜಜ್ಜಿಹೋಗಿದೆ. ಕತ್ತಿನಲ್ಲೊಂದು ಸ್ವಿಚ್ಚು, ಬುಡದಲ್ಲಿ ಕೆಂಪು ಉಗುರುಬಣ್ಣದಲ್ಲಿ ಬರೆದ ನಮ್ಮ ಚಿಕ್ಕಪ್ಪನ ಇನಿಷಿಯಲ್ಲು. “ಒಳ್ಳೇ ಭಾರ ಇದೆ ಸರ್” ಅಂದಳು.

ಭಾರವೇ. ತಿಪಟೂರಿನ ಕಡೆಯ ನಮ್ಮೂರಿನಲ್ಲಿ ಚಿಕ್ಕಪ್ಪ ಮೈಕ್ ಸೆಟ್ಟು ಬಾಡಿಗೆಗೆ ಕೊಡುತ್ತಿದ್ದ. ಒಂದು ಆಂಪ್ಲಿಫೈಯರು, ಒಂದು ಬ್ಯಾಟರಿ, ರೆಕಾರ್ಡ್ ಪ್ಲೇಯರು, ಎರಡು ಹಾರ್ನು, ಮತ್ತು ಈ ಮೈಕು. ಮದುವೆ ಮನೆಯ ಮುಂದಿನ ತೆಂಗಿನ ಮರ ಹತ್ತಿ ಹಾರ್ನು ಕಟ್ಟಿ, ಸರಸರನೆ ಇಳಿದು, ಕೆರೆ ಏರಿಯ ಕಡೆ ನಡೆದುಬಿಡುತ್ತಿದ್ದ. ನನ್ನ ಕೆಲಸ ಮೈಕಿನ ಮುಂದೆ ನಿಂತು ಒನ್ ಟೂ ತ್ರೀ ಹೇಳುವುದು. ಕೇಳಿಸಿತೆಂದರೆ ಏರಿಯ ಮೇಲಿಂದ ಅವನು ಹೆಗಲ ಮೇಲಿನ ಟವೆಲ್ಲು ಎತ್ತಿ ಬೀಸಬೇಕು. ಮೈಕಿಗೆ ಯಾರಾದರೂ ಬೆರಳಲ್ಲಿ ಟಕ್ ಟಕ್ ಅಂತ ತಟ್ಟಿದರೆ ಅವನಿಗೆ ಮೈಯೆಲ್ಲ ಉರಿ: “ಮೈಕೇನು ತೆಂಗಿನಕಾಯೇನೋ, ಬಡಿದು ನೋಡೋದಕ್ಕೆ?”

ಒಂದು ದಿನ ಟವೆಲ್ಲು ಮೇಲೇಳಲೇ ಇಲ್ಲ. ಅಂಕಿ ಹೇಳಿ ಹೇಳಿ ಬೇಸರವಾಗಿ ನಾನೊಂದು ಹಾಡು ಶುರು ಮಾಡಿದೆ. ಚಿಕ್ಕಪ್ಪ ಏರಿಯ ಮೇಲೆ ಯಾರ ಜೊತೆಗೋ ಮಾತಿಗೆ ನಿಂತಿದ್ದನಂತೆ. ಎರಡು ಚರಣ ಮುಗಿದ ಮೇಲೆ ಟವೆಲ್ಲು ಮೇಲೆದ್ದಿತು, ಇಳಿಯಲೇ ಇಲ್ಲ. ಮದುವೆ ಮನೆಯಿಂದ ಯಾರೋ ಬಂದು ಕೈಗೆ ಲಾಡು ಕೊಟ್ಟರು. ಕಾರ್ಯಕ್ರಮ ಮುಗಿಯುವ ಮೊದಲೇ ಸಂಭಾವನೆ ಕೈಸೇರಿದ ಪ್ರಸಂಗ ನನ್ನ ವೃತ್ತಿಜೀವನದಲ್ಲಿ ಅದೊಂದೇ.

ಹಾಡುಗಾರರ ಕಸುಬನ್ನು ಈ ಯಂತ್ರ ಎಷ್ಟು ತಲೆಕೆಳಗು ಮಾಡಿದೆ ಎನ್ನುವುದು ತಿಳಿಯಬೇಕಾದರೆ ಇದು ಇಲ್ಲದಿದ್ದಾಗ ಏನಿತ್ತು ಎಂದು ನೋಡಬೇಕು. ಈಗ ಮೈಸೂರಿನವನಾಗಿರುವ ನನಗೆ ಮೊದಲು ನೆನಪಾಗುವುದು ಗೌಹರ್ ಜಾನ್. 1902ರಲ್ಲಿ ಕಲ್ಕತ್ತೆಯಲ್ಲಿ ಗ್ರಾಮಫೋನ್ ಕಂಪನಿಗಾಗಿ ಫ್ರೆಡ್ ಗೈಸ್‌ಬರ್ಗ್ ಎಂಬಾತ ಆಕೆಯ ದನಿ ಮುದ್ರಿಸಿಕೊಂಡಾಗ ಅಲ್ಲಿ ಮೈಕು ಇರಲಿಲ್ಲ, ವಿದ್ಯುತ್ತಿನ ಹಂಗೂ ಇರಲಿಲ್ಲ. ಒಂದು ದೊಡ್ಡ ಕೊಳವೆ, ಅದರೊಳಕ್ಕೆ ಹಾಡಬೇಕು. ದನಿಯ ಬಲದಿಂದಲೇ ಆಚೆ ತುದಿಯ ಸೂಜಿ ಅಲುಗಿ ಮೇಣದ ಮೇಲೆ ಗೀರು ಬೀಳಬೇಕು. ಮೆಲ್ಲಗೆ ಹಾಡಿದರೆ ಗೀರು ಬೀಳದು, ತಾರಕ್ಕೆ ಹೋದಾಗ ಹಿಂದೆ ಸರಿಯದಿದ್ದರೆ ಸೂಜಿ ಹಾರೀತು. ಎಲ್ಲ ಮೂರು ನಿಮಿಷದೊಳಗೆ. ತಾಸುಗಟ್ಟಲೆ ಹಾಡಬಲ್ಲ ಹೆಂಗಸು ರಾಗವನ್ನು ಮೂರು ನಿಮಿಷಕ್ಕೆ ಮಡಿಸಿ, ಕೊನೆಯಲ್ಲಿ ಇಂಗ್ಲಿಷಿನಲ್ಲಿ ತನ್ನ ಹೆಸರನ್ನೂ ಕೂಗಿ ಹೇಳಿದಳು. ತಟ್ಟೆ ತಯಾರಾಗುತ್ತಿದ್ದದ್ದು ಜರ್ಮನಿಯ ಹಾನೋವರ್‌ನಲ್ಲಿ. ಚೀಟಿ ಅಂಟಿಸುವ ಅಲ್ಲಿನವರಿಗೆ ಹಾಡಿದವರು ಯಾರೆಂದು ಗೊತ್ತಾಗಬೇಕಲ್ಲ! ಆಕೆಯೇ 1928ರಲ್ಲಿ ಮೈಸೂರು ಅರಮನೆಯ ಆಶ್ರಯಕ್ಕೆ ಬಂದು, 1930ರ ಜನವರಿಯಲ್ಲಿ ಇಲ್ಲೇ ತೀರಿಕೊಂಡಳು. ಮೂವತ್ತು ಸೆಕೆಂಡಿನ ರೀಲಿನಲ್ಲಿ ಏನು ಹಾಡುವುದು ಎಂದು ನನ್ನ ಶಿಷ್ಯೆಯರು ಮೂಗು ಮುರಿದಾಗಲೆಲ್ಲ ನಾನು ಗೌಹರ್ ಜಾನ್ ಕಥೆ ತೆಗೆಯುತ್ತೇನೆ. ಅವರು ಆಕಳಿಸುತ್ತಾರೆ.

ಮೈಕಿನ ಮೂಲಪುರುಷ ಯಾರು ಎನ್ನುವುದಕ್ಕೆ ಅಮೆರಿಕದಲ್ಲಿ ಕೋರ್ಟು ಕಚೇರಿಯೇ ನಡೆಯಿತು. 1877ರಲ್ಲಿ ಎಮಿಲ್ ಬರ್ಲಿನರ್ ಒಂದು ಬಗೆಯದನ್ನು ಮಾಡಿ ಹಕ್ಕು ಕೇಳಿದ. ಎಡಿಸನ್ ತನ್ನದೂ ಇದೆಯೆಂದ. ಹತ್ತು ವರ್ಷ ಬಿಟ್ಟು ಗ್ರಾಮಫೋನನ್ನು ತಂದವನೂ ಇದೇ ಬರ್ಲಿನರ್. ತಮಾಷೆಯೆಂದರೆ, ಒಬ್ಬನೇ ಮನುಷ್ಯನ ಈ ಎರಡು ಮಕ್ಕಳು ಒಂದಾಗಲು ದಶಕಗಳೇ ಹಿಡಿದವು: ಮೈಕಿನ ಮೂಲಕ ರೆಕಾರ್ಡು ಮಾಡುವುದು ರೂಢಿಗೆ ಬಂದದ್ದು 1925ರ ಮೇಲೆ. ಮೈಸೂರಿಗೆ ಅದು ರೇಡಿಯೊದ ರೂಪದಲ್ಲಿ ಬಂತು. ಮಹಾರಾಜ ಕಾಲೇಜಿನ ಮನಶ್ಶಾಸ್ತ್ರದ ಮೇಷ್ಟ್ರು ಎಂ.ವಿ. ಗೋಪಾಲಸ್ವಾಮಿ 1935ರಲ್ಲಿ ತಮ್ಮ ಮನೆಯಿಂದಲೇ ಸಣ್ಣದೊಂದು ಪ್ರಸಾರ ಶುರು ಮಾಡಿದರು, ಅದಕ್ಕೆ ‘ಆಕಾಶವಾಣಿ’ ಎಂದು ಹೆಸರಾಯಿತು. ಆಮೇಲೆ ದೇಶವೇ ಆ ಹೆಸರನ್ನು ಇಟ್ಟುಕೊಂಡಿತು.

ಮೈಕು ಬರುವವರೆಗೆ ಕಛೇರಿಗಳಲ್ಲಿ ದನಿಯೇ ಬಂಡವಾಳ. ಪಿಟೀಲಿನ ಟಿ. ಚೌಡಯ್ಯನವರು ಏಳು ತಂತಿಯ ವಾದ್ಯ ಮಾಡಿಸಿಕೊಂಡದ್ದು ಶೋಕಿಗಲ್ಲ. ಹಿಂದಿನ ಸಾಲಿನವರಿಗೆ ಕೇಳುವುದಿಲ್ಲ ಎಂಬ ದೂರಿಗೆ. ನಾಲ್ಕರಲ್ಲಿ ಮೂರು ತಂತಿಗೆ ಜೋಡಿ ಕಟ್ಟಿದರು. ನಾಟಕ ಕಂಪನಿಯವರಂತೂ ಟೆಂಟಿನ ಕೊನೇ ಬೆಂಚಿಗೆ ಮುಟ್ಟಬೇಕೆಂದು ಎಷ್ಟು ಮೇಲಿನ ಶ್ರುತಿ ಹಿಡಿಯುತ್ತಿದ್ದರೆಂದರೆ, ಇವತ್ತಿನ ಗಂಡಸರು ಹಾಗೆ ಹಾಡಲು ಹೋದರೆ ನೆರೆಮನೆಯವರು ಓಡಿಬಂದಾರು. ಮೈಕು ಬಂದಿತು, ಶ್ರುತಿ ಇಳಿಯಿತು. ಅದುವರೆಗೆ ಹಾಡುಗಾರರೆಂದೇ ಯಾರೂ ಲೆಕ್ಕಕ್ಕಿಡದಿದ್ದ ಮೆತ್ತನೆಯ ಕಂಠಗಳಿಗೆ ಬಾಗಿಲು ತೆರೆಯಿತು. ನಮ್ಮ ಭಾವಗೀತೆ ಎನ್ನುವುದು, ನನ್ನ ಕೇಳಿದರೆ, ಮೈಕಿನ ಮಗು. ಕವಿಯ ಮಾತನ್ನು ಪಿಸುಗುಟ್ಟಿದ ಹಾಗೆ ಹಾಡಿ ಸಾವಿರ ಜನಕ್ಕೆ ಮುಟ್ಟಿಸುವುದು ಹಿಂದೆ ಎಲ್ಲಿ ಸಾಧ್ಯವಿತ್ತು? 1978ರಲ್ಲಿ ನಿಸಾರ್ ಅಹಮದರ ಕವಿತೆಗಳಿಗೆ ಮೈಸೂರು ಅನಂತಸ್ವಾಮಿಯವರು ರಾಗ ಹಾಕಿದ ‘ನಿತ್ಯೋತ್ಸವ’ ಕ್ಯಾಸೆಟ್ಟು ಬಂತು. ಚಿಕ್ಕಪ್ಪ ರೆಕಾರ್ಡ್ ಪ್ಲೇಯರಿನ ಪಕ್ಕದಲ್ಲಿ ಟೇಪ್ ರೆಕಾರ್ಡರು ತಂದಿಟ್ಟ. ನಾನು ಕೆಟ್ಟದ್ದು ಅಲ್ಲಿಂದ.

ಡಿಗ್ರಿ ಮುಗಿಸಿ ಮೈಸೂರಿಗೆ ಬಂದವನು ರೇಡಿಯೊ ಆಡಿಷನ್ನಿಗೆ ಅರ್ಜಿ ಹಾಕಿದೆ. ದಪ್ಪ ಬಾಗಿಲು, ಗೋಡೆ ತುಂಬ ತೂತಿನ ಹಲಗೆ, ಕಿವಿಯೊಳಗೆ ಗುಂಯ್ ಎನ್ನುವಷ್ಟು ನಿಶ್ಶಬ್ದ. ಕೆಂಪು ದೀಪ ಹೊತ್ತಿತು. ನಾನು ಕೆರೆ ಏರಿಗೆ ಮುಟ್ಟುವ ಹಾಗೆ ಹಾಡಿದೆ. ಕೆಲವು ವಾರ ಬಿಟ್ಟು ‘ವಿಷಾದಿಸುತ್ತೇವೆ’ ಎಂಬ ಕಾಗದ ಬಂತು. ತಪ್ಪು ನನ್ನದೇ.

ಎರಡನೇ ಸಲ ಹೋದಾಗ ಮೈಕು ಹೊಂದಿಸುವ ಹಿರಿಯರೊಬ್ಬರು ಒಳಗೆ ಬಂದು, ಏನೂ ಹೇಳದೆ ತಮ್ಮ ನಾಲ್ಕು ಬೆರಳನ್ನು ಜೋಡಿಸಿ ನನ್ನ ತುಟಿಗೂ ಮೈಕಿಗೂ ನಡುವೆ ಇಟ್ಟರು. “ಇಲ್ಲಿ ಯಾರೂ ದೂರ ಕೂತಿಲ್ಲ ಕಣಪ್ಪ. ಕೇಳೋನು ನಿನ್ನ ಮಗ್ಗುಲಲ್ಲೇ ಇದಾನೆ. ಅವನ ಹತ್ರ ಯಾಕೆ ಕಿರುಚ್ತೀಯ?” ಬೆರಳಲ್ಲಿ ನಶ್ಯದ ವಾಸನೆ. ಸೀನು ಬರುವುದಕ್ಕೂ ಕೆಂಪು ದೀಪ ಹೊತ್ತುವುದಕ್ಕೂ ಸರಿಹೋಯಿತು. ಸೀನು ತಡೆದುಕೊಂಡು ಹಾಡಿದ ಆ ಮೊದಲ ಸಾಲು ನನ್ನ ಜೀವಮಾನದಲ್ಲೇ ಅತಿ ಮೆದುವಾದದ್ದು. ‘ಬಿ’ ಗ್ರೇಡು ಸಿಕ್ಕಿತು.

ಆಮೇಲೆ ತಿಳಿದುಕೊಂಡೆ, ಮೈಕಿಗೆ ತೀರಾ ಹತ್ತಿರ ಹೋದರೆ ತಗ್ಗಿನ ಸ್ವರಗಳು ಉಬ್ಬುತ್ತವೆ, ‘ಪ’ ‘ಬ’ ಎಂದಾಗಲೆಲ್ಲ ಗಾಳಿ ಢಬ್ಬೆನ್ನುತ್ತದೆ. ದೂರ ಸರಿದರೆ ದನಿ ತೆಳುವಾಗಿ ಮನೆಯ ಗೋಡೆಯ ಸದ್ದೆಲ್ಲ ಸೇರಿಕೊಳ್ಳುತ್ತದೆ. ಮೇಲಿನ ಸ್ವರಕ್ಕೆ ಹೋಗುವಾಗ ಒಂದಿಷ್ಟು ಹಿಂದೆ ವಾಲಬೇಕು, ಕೊಳವೆಯ ಕಾಲದ ಹಾಗೆಯೇ. ಗಂಟಲಿಗೆ ಕಲ್ಲುಸಕ್ಕರೆ, ಜ್ಯೇಷ್ಠಮಧು ಎಂದು ದಿನವೂ ಕೇಳುವವರು ಇದ್ದಾರೆ. ಮೈಕಿನ ಬಗ್ಗೆ ಕೇಳಿದವರನ್ನು ಒಂದು ಕೈಯ ಬೆರಳಲ್ಲಿ ಎಣಿಸಬಹುದು. ದಿನವೂ ತಂಬೂರಿಯ ಮುಂದೆ ಒಂದು ತಾಸು ಕೂರುವ ಹಾಗೆ ವಾರಕ್ಕೊಮ್ಮೆ ಮೈಕಿನ ಮುಂದೆ ನಿಂತು ತನ್ನ ದನಿಯನ್ನು ತಾನೇ ಕೇಳಿಸಿಕೊಳ್ಳಬೇಕು. ಮೊದಲು ನಾಚಿಕೆಯಾಗುತ್ತದೆ. ಆಗಲಿ.

ಶ್ರುತಿಯ ವಿಷಯದಲ್ಲಿ ಮಾತ್ರ ನಾನು ಹಟಮಾರಿ. ನಮ್ಮಲ್ಲಿ ಶ್ರುತಿಯನ್ನು ‘ಮನೆ’ ಎಂದೂ ಹೇಳುತ್ತೇವೆ, ಹಾರ್ಮೋನಿಯಮ್ಮಿನ ಮನೆಗಳ ಲೆಕ್ಕದಲ್ಲಿ. ಸಿನಿಮಾ ಹಾಡನ್ನು ಮೂಲ ಗಾಯಕರ ಮನೆಯಲ್ಲೇ ಹಾಡಬೇಕೆಂದು ಹಟ ಹಿಡಿದು ಗಂಟಲು ಹಾಳುಮಾಡಿಕೊಂಡ ಮಕ್ಕಳು ಎಷ್ಟೋ. ಗಂಗೂಬಾಯಿ ಹಾನಗಲ್ಲರನ್ನು ನೋಡಿ. ಹುಬ್ಬಳ್ಳಿಯಿಂದ ರೈಲು ಹತ್ತಿ ಕುಂದಗೋಳಕ್ಕೆ ಹೋಗಿ ಸವಾಯಿ ಗಂಧರ್ವರಲ್ಲಿ ಕಲಿತವರು. ಮೊದಮೊದಲ ರೆಕಾರ್ಡುಗಳಲ್ಲಿ ಅವರದು ತೆಳುವಾದ, ಎತ್ತರದ ದನಿ. ಟಾನ್ಸಿಲ್ ಚಿಕಿತ್ಸೆಯಾದ ಮೇಲೆ ಅದು ಗಡುಸಾಗಿ, ಗಂಡಸಿನ ದನಿಯಷ್ಟು ತಗ್ಗಿಗೆ ಇಳಿಯಿತು. ಬೇರೆ ಯಾರಾದರೂ ಆಗಿದ್ದರೆ ತಂಬೂರಿಗೆ ಗವಸು ಹಾಕಿ ಮೂಲೆಗಿಡುತ್ತಿದ್ದರು. ಅವರು ಹೊಸ ಮನೆಗೆ ಒಕ್ಕಲು ಬಂದವರ ಹಾಗೆ ಅದೇ ದನಿಯಲ್ಲಿ ದಶಕಗಟ್ಟಲೆ ಹಾಡಿದರು.

ಅನ್ಯರ ಮನೆಯಲ್ಲಿ ಸಿಕ್ಕಿಬಿದ್ದರೆ ಏನಾಗುತ್ತದೆಂದು ನನಗೆ ಅನುಭವವಿದೆ. ಒಂದು ಗಣೇಶೋತ್ಸವ. ನನಗಿಂತ ಮುಂಚೆ ಒಬ್ಬ ಗಾಯಕಿ ಹಾಡಿ ಇಳಿದಿದ್ದರು. ಅವರಿಗಾಗಿ ಒತ್ತಿದ್ದ ಟ್ರಾನ್ಸ್‌ಪೋಸ್ ಗುಂಡಿಯನ್ನು ಕೀಬೋರ್ಡಿನವನು ಮರಳಿ ಸರಿಮಾಡಿರಲಿಲ್ಲ. ಪಲ್ಲವಿ ಹೇಗೋ ದಾಟಿತು. ಚರಣದಲ್ಲಿ ಮೇಲೆ ಹೋಗುವಾಗ ನನ್ನ ಕಣ್ಣು ಗುಡ್ಡೆ ಹೊರಬಂದದ್ದು ಮೊದಲ ಸಾಲಿನವರಿಗೆ ಚೆನ್ನಾಗಿಯೇ ಕಂಡಿರಬೇಕು. ಸಮಿತಿಯವರು ಕೊನೆಯಲ್ಲಿ ಶಾಲು, ಹಾರ, ಹಣ್ಣಿನ ಬುಟ್ಟಿ ಕೊಟ್ಟರು; ಕವರಿನಲ್ಲಿ ಮಾತಾಡಿದ್ದರ ಅರ್ಧ ಇತ್ತು. ಹಾಡಿದ್ದೂ ಅರ್ಧವೇ ಆದ್ದರಿಂದ ನಾನು ತುಟಿ ಪಿಟಕ್ಕೆನ್ನಲಿಲ್ಲ. ಅಂದಿನಿಂದ ವೇದಿಕೆ ಹತ್ತಿದ ತಕ್ಷಣ ಮೊದಲು ನೋಡುವುದು ಜನರನ್ನಲ್ಲ, ಕೀಬೋರ್ಡಿನ ಆ ಪುಟ್ಟ ಪರದೆಯನ್ನು.

ಇಷ್ಟು ಹೇಳುವಷ್ಟರಲ್ಲಿ ಹುಡುಗಿಯ ಅಮ್ಮ ಗಡಿಯಾರ ನೋಡತೊಡಗಿದ್ದರು. “ಸರ್, ದುಡ್ಡಿನ ವಿಷಯ...” ಎಂದರು. ಸಂಕೋಚದಿಂದಲೇ, ಆದರೆ ಅದಕ್ಕೇ ಬಂದವರು.

ದುಡ್ಡಿನ ವಿಷಯದಲ್ಲಿ ನನ್ನದು ದೇವರ ಕಥೆ. ತೊಂಬತ್ತರ ದಶಕದಲ್ಲಿ ಬೆಂಗಳೂರಿನ ಒಂದು ಕಂಪನಿಗೆ ಒಂದೇ ದಿನದಲ್ಲಿ ಎಂಟು ಭಕ್ತಿಗೀತೆ ಹಾಡಿ, 1500 ರೂಪಾಯಿ ಮತ್ತು ಬಸ್ ಚಾರ್ಜು ತೆಗೆದುಕೊಂಡು, ಕೊಟ್ಟ ಕಾಗದಕ್ಕೆ ಓದದೆ ಸಹಿ ಹಾಕಿ ಬಂದೆ. ನಮ್ಮ ಬೀದಿಯ ಗುಡಿಯಲ್ಲಿ ಇವತ್ತಿಗೂ ಬೆಳಗಿನ ಐದಕ್ಕೆ ಅದೇ ಹಾಡು. ನನ್ನ ದನಿಯೇ ನನ್ನ ನಿದ್ದೆ ಕೆಡಿಸುತ್ತದೆ. ಒಂದು ಕಾಸೂ ಬರುವುದಿಲ್ಲ. ಗಾಯಕರಿಗೆ ರಾಯಧನ ಬೇಕೆಂದು ಅರವತ್ತರ ದಶಕದಲ್ಲೇ ಲತಾ ಮಂಗೇಶ್ಕರ್ ಕೇಳಿದ್ದರು. ಹಾಡಿ ದುಡ್ಡು ಪಡೆದ ಮೇಲೆ ಮುಗಿಯಿತೆಂದು ಮಹಮ್ಮದ್ ರಫಿಯವರ ವಾದ. ಇದೇ ಮಾತಿಗೆ ಇಬ್ಬರೂ ಕೆಲ ವರ್ಷ ಜೊತೆಯಾಗಿ ಹಾಡಲಿಲ್ಲ. 2012ರಲ್ಲಿ ಕೃತಿಸ್ವಾಮ್ಯ ಕಾಯಿದೆ ತಿದ್ದುಪಡಿಯಾಗಿ, ಹಾಡಿದವರಿಗೂ ರಾಯಧನದ ಪಾಲೆಂದು ಕಾನೂನು ಬಂತು. ಮರುವರ್ಷ ಅದನ್ನು ವಸೂಲು ಮಾಡಲು ಗಾಯಕರ ಸಂಘವೇ ಹುಟ್ಟಿತು, ‘ಇಸ್ರಾ’ ಎಂದು. “ಹಾಡು ಕಲಿಯೋ ಮೊದಲು ಕಾಗದ ಓದೋದು ಕಲಿ” ಎಂದು ಹುಡುಗಿಗೆ ಹೇಳಿದೆ. ಅಮ್ಮನ ಮುಖದಲ್ಲಿ ಮೊದಲ ಬಾರಿಗೆ ಗೆಲುವು ಕಂಡಿತು.

ಗೆಲುವು ಕಂಡದ್ದೇ ನಾನೂ ಇನ್ನೊಂದು ಹೆಜ್ಜೆ ಮುಂದೆ ಹೋದೆ. ಗಾಯಕ ಸಿ. ಅಶ್ವಥ್ ಬಹಳ ವರ್ಷ ಐಟಿಐ ಕಾರ್ಖಾನೆಯಲ್ಲಿ ನೌಕರಿ ಮಾಡಿದವರು. ‘ಕಾಡು ಕುದುರೆ’ ಚಿತ್ರದ ಹಾಡಿಗೆ ರಾಷ್ಟ್ರಪ್ರಶಸ್ತಿ ಪಡೆದ ಶಿವಮೊಗ್ಗ ಸುಬ್ಬಣ್ಣ ವಕೀಲರಾಗಿದ್ದರು. ಡಿಗ್ರಿ ಮುಗಿಸು, ಅದು ಗಂಟಲಿಗೆ ಅಡ್ಡ ಬರುವುದಿಲ್ಲ ಎಂದೆ. ಹುಡುಗಿ ನನ್ನ ಕಡೆ ನೋಡಿದ ನೋಟದಲ್ಲಿ ‘ಚಕ್ಕುಲಿಗೆ ಮಾರಿಕೊಂಡಿರಾ ಸರ್’ ಎನ್ನುವುದು ಸ್ಪಷ್ಟವಾಗಿತ್ತು.

ನವೆಂಬರ್ ಬಂತು. ನಮ್ಮ ಕಸುಬಿನವರಿಗೆ ಅದು ಸುಗ್ಗಿ; ರಾಜ್ಯೋತ್ಸವ ಡಿಸೆಂಬರಿನಲ್ಲೂ ಮುಗಿಯುವುದಿಲ್ಲ. ಒಂದು ಬಡಾವಣೆಯ ಕಾರ್ಯಕ್ರಮದಲ್ಲಿ ಅವಳಿಗೆ ಎರಡು ಹಾಡು ಕೊಡಿಸಿದೆ. ಊರಿಂದ ಬಂದಿದ್ದ ಚಿಕ್ಕಪ್ಪನನ್ನೂ ಕರೆದುಕೊಂಡು ಹೋದೆ. ಎಂಬತ್ತು ದಾಟಿದವನಿಗೆ ಹಾಡಿನ ಮೇಲೆ ಆಸಕ್ತಿಯಿಲ್ಲ, ಗೊಂಚಲು ಗೊಂಚಲಾಗಿ ತೂಗಿದ್ದ ಸ್ಪೀಕರುಗಳ ಮೇಲೆಯೇ ಕಣ್ಣು. “ಮರ ಹತ್ತೋ ಹಂಗೇ ಇಲ್ವಲ್ಲೋ” ಎಂದು ಎರಡು ಸಲ ಹೇಳಿದ. ಹಿಂದಿನಿಂದ ಎರಡನೇ ಸಾಲಿನಲ್ಲಿ ಕೂತೆವು; ದೂರದಿಂದ ಕೇಳಿದರೇ ಸೌಂಡು ಗೊತ್ತಾಗುವುದೆಂದು ಅವನ ಹಟ.

ಹುಡುಗಿ ವೇದಿಕೆಗೆ ಬಂದಳು. ಮೈಕು ತಟ್ಟಲಿಲ್ಲ. ಕೀಬೋರ್ಡಿನ ಕಡೆ ಬಗ್ಗಿ ನೋಡಿದಳು. ನಾಲ್ಕು ಬೆರಳು ಜೋಡಿಸಿ ತುಟಿಗೂ ಮೈಕಿಗೂ ನಡುವೆ ಇಟ್ಟು ಅಳೆದಳು. ಜನ ಏನೋ ಮುದ್ರೆಯೆಂದು ಕೈಮುಗಿದರು. ಆಮೇಲೆ ನನಗೆ ಹೊಳೆಯಿತು, ಅವಳ ನಾಲ್ಕು ಬೆರಳೆಂದರೆ ಆ ಹಿರಿಯರ ಮೂರೂ ಆಗುವುದಿಲ್ಲ. ಪಕ್ಕದಿಂದ ಸೌಂಡಿನ ಹುಡುಗ ಕೂಗಿದ: “ಮೇಡಂ, ಸ್ವಲ್ಪ ಹಿಂದೆ!” ಒಂದು ಹೆಜ್ಜೆ ಹಿಂದೆ ಸರಿದು, ಕಣ್ಣು ಮುಚ್ಚಿ, ಶ್ರುತಿ ಹಿಡಿದಳು.

ನನ್ನ ಪಕ್ಕದಲ್ಲಿ ಚಿಕ್ಕಪ್ಪ ಎದ್ದು ನಿಂತು ಹೆಗಲ ಮೇಲಿನ ಟವೆಲ್ಲು ಎತ್ತಿ ಹಿಡಿದಿದ್ದ. ಹಿಂದಿನ ಸಾಲಿನವರು ಸಿಡುಕಿದರು: “ಯಜಮಾನ್ರೇ, ಕೂತ್ಕೊಳ್ಳಿ, ಏನೂ ಕಾಣಿಸ್ತಿಲ್ಲ!”

“ಕೇಳಿಸ್ತದೆ ತಾನೆ?” ಅಂದ ಚಿಕ್ಕಪ್ಪ, ಟವೆಲ್ಲು ಇಳಿಸದೆ.