ಮೊಸಳೆಯ ಜೋಡಿಗುಡಿಗಳೂ ಹಾಯಿದೋಣಿಯ ಲೆಕ್ಕವೂ

ಹಾಸನದಿಂದ ಹೊಳೆನರಸೀಪುರದ ಕಡೆಗೆ ಹೋಗುವಾಗ ಮೊಸಳೆಯೆಂಬ ಚಿಕ್ಕ ಗ್ರಾಮವು ಸಿಕ್ಕುವುದು. ಹೊಯ್ಸಳ ಎರಡನೆಯ ಬಲ್ಲಾಳನ ಕಾಲದಲ್ಲಿ, ಸುಮಾರು ಕ್ರಿ. ಶ. 1200ರಲ್ಲಿ ಕಟ್ಟಿದ ನಾಗೇಶ್ವರ, ಚೆನ್ನಕೇಶವ ದೇವಾಲಯಗಳು ಅಲ್ಲಿ ಅವಳಿಮಕ್ಕಳಂತೆ ಪಕ್ಕಪಕ್ಕದಲ್ಲಿ ನಿಂತಿವೆ. ಹೊರಗಿನಿಂದ ನೋಡುವವರಿಗೆ ಒಂದರ ಅಳತೆಯೇ ಮತ್ತೊಂದರ ಅಳತೆ.

ಕಳೆದ ಮಾಗಿಯಲ್ಲಿ ಅತ್ತಿಗೆಯವರನ್ನೂ ಅವರ ಮಗನನ್ನೂ ಕರೆದುಕೊಂಡು ಅಲ್ಲಿಗೆ ಹೋಗಿದ್ದೆನು. ಹುಡುಗನು ಕಡಲತೀರದಲ್ಲಿ ಉದ್ಯೋಗದಲ್ಲಿರುವವನು. ಹಳೆಯದೊಂದು ಹಾಯಿದೋಣಿಯನ್ನು ಕೊಂಡು ಹೆಂಡತಿಮಕ್ಕಳೊಡನೆ ದೂರಯಾನ ಮಾಡಬೇಕೆಂಬ ಹಂಬಲವುಳ್ಳವನು. ತಾಯಿಗೆ ಅದೇ ಚಿಂತೆ. “ನೀವಾದರೂ ಅವನಿಗೆ ಬುದ್ಧಿ ಹೇಳಿ” ಎಂದರು.

ಗುಡಿಯ ನೆರಳಿನಲ್ಲಿ ಕುಳಿತು ಹುಡುಗನು ಲೆಕ್ಕ ಹಾಕಿದನು. “ಚಿಕ್ಕಪ್ಪ, ದೋಣಿಯನ್ನು ಬಣ್ಣ ನೋಡಿ ಕೊಳ್ಳಬಾರದು. ನೀರಿನ ಮಟ್ಟದಲ್ಲಿ ಅದರ ಉದ್ದವನ್ನು ಅಡಿಗಳಲ್ಲಿ ಅಳೆದು, ವರ್ಗಮೂಲವನ್ನು 1.34ರಿಂದ ಗುಣಿಸಿದರೆ ವೇಗದ ಎಲ್ಲೆ ತಿಳಿಯುವುದು. 25 ಅಡಿಗೆ ಗಂಟೆಗೆ 6.7 ನಾವಿಕ ಮೈಲಿ. ತೂಕಕ್ಕೆ ಹಾಯಿ ದೊಡ್ಡದಾದರೆ ಎಳೆಗಾಳಿಯಲ್ಲಿಯೂ ಓಡುವುದು. ಉದ್ದಕ್ಕೆ ತೂಕ ಹೆಚ್ಚಾದರೆ ನಿಧಾನ. ಆದರೆ ಅಲೆಗಳಲ್ಲಿ ಕುಲುಕಾಟ ಕಡಿಮೆ.”

“ಮಗುಚುವ ಭಯಕ್ಕೆ ಲೆಕ್ಕವೇನಪ್ಪ?” ಎಂದರು ಅತ್ತಿಗೆ.

1979ರ ಫಾಸ್ಟ್‌ನೆಟ್ ಹಾಯಿದೋಣಿ ಪಂದ್ಯದಲ್ಲಿ ಬಿರುಗಾಳಿಗೆ ಸಿಕ್ಕಿ 15 ಮಂದಿ ಸ್ಪರ್ಧಿಗಳು ಮಡಿದ ತರುವಾಯ ಅದಕ್ಕೂ ಒಂದು ಸೂತ್ರ ಹುಟ್ಟಿತು. ದೋಣಿಯ ತೂಕದ ಪೌಂಡುಗಳನ್ನು 64ರಿಂದ ಭಾಗಿಸಿ, ಬಂದುದರ ಘನಮೂಲದಿಂದ ಅಗಲದ ಅಡಿಗಳನ್ನು ಭಾಗಿಸಬೇಕು. ಫಲವು 2ನ್ನು ಮೀರಕೂಡದು. 8,000 ಪೌಂಡು ತೂಕ, 10 ಅಡಿ ಅಗಲವಾದರೆ ಸರಿಯಾಗಿ 2. ಅಗಲವಾಗಿದ್ದು ಹಗುರವಾದ ದೋಣಿಯು ಒಮ್ಮೆ ತಲೆಕೆಳಗಾದರೆ ಹಾಗೆಯೇ ನಿಲ್ಲುವ ಅಪಾಯ ಹೆಚ್ಚು.

ನಾನು ನಮ್ಮ ಹೊಳೆಯ ಹರಿಗೋಲನ್ನು ಲೆಕ್ಕಕ್ಕೆ ಹಿಡಿದೆನು. 6 ಅಡಿ ಅಗಲ, ಜನರೂ ಸೇರಿ 512 ಪೌಂಡು ಎಂದರೆ ಫಲ 3! ನಿಂತ ನೀರಿಗೆ ಒಪ್ಪುವ ಬುಟ್ಟಿ ಕಡಲಿಗೆ ಸಲ್ಲದು; ಸೂತ್ರವು ಕಡಲಿನದು.

ಅತ್ತಿಗೆಯವರು ಮಾತ್ರ ಒಪ್ಪಲಿಲ್ಲ. “ತಲೆಯ ಮೇಲಿನ ಕೊಡಕ್ಕೂ ಸೊಂಟದ ಕೊಡಕ್ಕೂ ತೂಕ ಒಂದೇ, ನಡೆಯುವವಳಿಗೆ ಒಂದೆಯೇನು? ತೂಕ ಎಲ್ಲಿದೆಯೆಂದು ನಿನ್ನ ಸೂತ್ರ ಕೇಳಿತೆ?”

ಹುಡುಗನು ಪೆನ್ಸಿಲನ್ನು ಕೆಳಗಿಟ್ಟನು. ಸೀಸದ ಭಾರ ದೋಣಿಯ ತಳದಲ್ಲಿದ್ದರೂ ಸರಕು ಮೇಲಿದ್ದರೂ ಆ ಸೂತ್ರದ ಉತ್ತರ ಒಂದೇ ಎಂದು ಒಪ್ಪಿಕೊಂಡನು.

ಬಳಿಕ ಗುಡಿಗಳೊಳಗೆ ಹೋದೆವು. ಹೊರಗಿನ ರೂಪ ಒಂದೇ. ಒಳಗೆ ಒಂದರಲ್ಲಿ ಶಿವನು, ಮತ್ತೊಂದರಲ್ಲಿ ಕೇಶವನು. ಹಿಂದಿರುಗುವಾಗ ಹುಡುಗನು, ಬಲ್ಲವರಿಂದ ದೋಣಿಯ ಒಳಹೊರಗನ್ನು ಪರೀಕ್ಷೆ ಮಾಡಿಸದೆ ಹಣ ಕೊಡುವುದಿಲ್ಲವೆಂದೂ ಮೊದಲ ವರ್ಷ ಮಕ್ಕಳನ್ನು ಹತ್ತಿಸುವುದಿಲ್ಲವೆಂದೂ ತಾಯಿಗೆ ಮಾತು ಕೊಟ್ಟನು.