ಕಲ್ಲುನಾಡಿನ ಮಾಗಿ

ಕಲಬುರಗಿ ಸೀಮೆಯೆಂದೊಡನೆ ಬೆಂಗಳೂರು, ಮೈಸೂರುಗಳ ಜನರ ಕಣ್ಣಮುಂದೆ ನಿಲ್ಲುವುದು ಬಿಸಿಲು ಮತ್ತು ಧೂಳು. ವೈಶಾಖದಲ್ಲಿ ಈ ಮಾತಿಗೆ ಎದುರಾಡುವಂತಿಲ್ಲ. ಆಗಿನ ಕಾವಿನಲ್ಲಿ ಇದನ್ನು ಮರುಭೂಮಿಯೆಂದು ಕರೆದರೂ ಒಪ್ಪಬೇಕಾದೀತು. ಮಾರ್ಗಶಿರ, ಪುಷ್ಯಗಳಲ್ಲಿ ಇದೇ ನೆಲದ ಚಹರೆ ಬೇರೆ. ಹೊರಗಿನವರ ಮಾತಿರಲಿ, ಸಿಮೆಂಟು ಕಾರ್ಖಾನೆಯ ನೆರಳಿನಲ್ಲಿ ಬೆಳೆದ ಆದಿತ್ಯನಗರದ ಸಂಸಾರವಂದಿಗರೂ ಅದನ್ನು ಗಮನಿಸುವುದು ಕಡಿಮೆ. ಡಿಸೆಂಬರ್ ರಜೆ ಬಂತೆಂದರೆ ಊಟಿಗೋ ಜಯಪುರಕ್ಕೋ ಟಿಕೆಟ್ಟು ಕೊಳ್ಳುತ್ತಾರೆ. ಬೆಟ್ಟವನ್ನಾಗಲಿ ಮರಳನ್ನಾಗಲಿ ಹಣ ತೆತ್ತು ನೋಡಿದರೇ ತೃಪ್ತಿ!

ಎಳ್ಳಮಾವಾಸ್ಯೆಯ ಮುಂಜಾನೆ ಹೊಲದ ದಾರಿ ಹಿಡಿದು ಮಳಖೇಡದ ಕಡೆಗೆ ನಡೆಯುವವನಿಗೆ ಮೊದಲು ಎದುರಾಗುವುದು ಹಿಂಗಾರಿ ಜೋಳದ ಹಸುರು. ಎರೆಯ ನೆಲ ಹಿಡಿದಿಟ್ಟುಕೊಂಡ ತೇವವನ್ನೂ ಇಬ್ಬನಿಯನ್ನೂ ನಂಬಿ ಬೆಳೆದ ಪೈರು ಅದು. ಪಕ್ಕದಲ್ಲಿ ಕೊಯ್ಲಿಗೆ ಬಂದ ತೊಗರಿ. ಬಂಡಿಗಳಲ್ಲಿಯೂ ಟ್ರ್ಯಾಕ್ಟರುಗಳಲ್ಲಿಯೂ ಮನೆಮಂದಿಯೆಲ್ಲ ಹೊಲಕ್ಕೆ ಬಂದು, ಭೂಮಿತಾಯಿಗೆ ಚರಗ ಚೆಲ್ಲಿ, ಮರದ ಕೆಳಗೆ ಊಟಕ್ಕೆ ಕುಳಿತಿರುತ್ತಾರೆ. "ಬರ್ರಿ ಸಾಹೇಬ್ರೆ, ಉಂಡು ಹೋಗ್ರಿ" ಎಂದು ಗುರುತಿಲ್ಲದವನನ್ನೂ ಕರೆಯುತ್ತಾರೆ. ಸಜ್ಜೆ ರೊಟ್ಟಿ, ಹಲವು ಕಾಳು, ಸೊಪ್ಪು, ತರಕಾರಿಗಳನ್ನು ಕೂಡಿಸಿ ಬೇಯಿಸಿದ ಭಜ್ಜಿ. ಯಾವ ಪ್ರವಾಸಿ ಹೋಟೆಲಿನ ಪಟ್ಟಿಯಲ್ಲಿಯೂ ಇದು ಕಾಣಸಿಗದು.

ಕಾಗಿಣಾ ನದಿಯ ದಂಡೆಯ ಈ ಮಳಖೇಡವೇ ರಾಷ್ಟ್ರಕೂಟರ ಮಾನ್ಯಖೇಟ. 814ರಿಂದ 878ರವರೆಗೆ ಆಳಿದ ಅಮೋಘವರ್ಷ ನೃಪತುಂಗನ ರಾಜಧಾನಿ. ಇಂದು ನಮಗೆ ದೊರೆತಿರುವ ಕನ್ನಡ ಗ್ರಂಥಗಳಲ್ಲಿ ಮೊದಲನೆಯದಾದ ಕವಿರಾಜಮಾರ್ಗ ಹುಟ್ಟಿದುದು ಅವನ ಆಸ್ಥಾನದಲ್ಲಿ. ಜಗತ್ತಿನ ನಾಲ್ವರು ಮಹಾರಾಜರಲ್ಲಿ ರಾಷ್ಟ್ರಕೂಟ ದೊರೆಯನ್ನೂ ಎಣಿಸಿದುದು 851ರ ಅರಬ್ಬೀ ಬರಹ. 972ರಲ್ಲಿ ಪರಮಾರ ಸೀಯಕ ಈ ನಗರವನ್ನು ಸೂರೆಮಾಡಿದ. ಈಗ ಉಳಿದಿರುವುದು ನಂತರದವರೂ ಕೈಯಾಡಿಸಿದ ಕೋಟೆಯ ಗೋಡೆ, ಬುರುಜು, ಬಸದಿ. ನದಿಯ ಬಳಿ ಜಯತೀರ್ಥರ ಬೃಂದಾವನ. ಭಕ್ತರು ಬೃಂದಾವನಕ್ಕೆ ಬರುತ್ತಾರೆ, ಬಂದಂತೆಯೇ ಹಿಂತಿರುಗುತ್ತಾರೆ. ಕೋಟೆಯನ್ನು ಹತ್ತುವವರು ವಿರಳ.

ಗೋಡೆಯಲ್ಲಿ ಪದರ ಪದರವಾಗಿ ಕುಳಿತಿರುವುದು ಈ ಭೀಮಾ ಸೀಮೆಯ ಸುಣ್ಣಕಲ್ಲು. ಅದೇ ಜಾತಿಯ ಕಲ್ಲು ಹಾಸಾಗಿ ಸೀಳಿದರೆ ಶಹಾಬಾದಿ ಕಲ್ಲು. ಪುಡಿಮಾಡಿ ಸುಟ್ಟರೆ ಸಿಮೆಂಟು. ಊರೂರಿನ ಹಳೆಯ ಮನೆಗಳ ನಡುಮನೆಯಲ್ಲಿ ಅದರ ಮೇಲೆ ಮಣೆ ಹಾಕಿ ಉಂಡವರಿಗೆ ಮಾನ್ಯಖೇಟದ ನೆನಪು ಬಂದಿರಲಾರದು. ಕಲ್ಲು ವಾಡಿಯ ಕಡೆಗೆ ರೈಲೇರಿ ದೇಶಕ್ಕೆಲ್ಲ ಹೋಗುತ್ತದೆ. ಆ ಕಲ್ಲಿನ ಕಥೆ ಮಾತ್ರ ಇಲ್ಲಿಯೇ ಕುಸಿಯುತ್ತಿದೆ. ನೃಪತುಂಗನನ್ನು ಎರಡು ಅಂಕಕ್ಕಾಗಿ ಉರುಹೊಡೆಯುವ ಆದಿತ್ಯನಗರದ ಹುಡುಗ ಅವನ ರಾಜಧಾನಿಗೆ ಬೈಸಿಕಲ್ಲಿನಲ್ಲಿ ಹೋಗಿಬರಬಹುದು. ಕರೆದೊಯ್ಯುವವರು ಬೇಕಷ್ಟೆ. ಅವನೂ ನೋಡದೆ ಹೋದರೆ, ಮುಂದೆ ಈ ಗೋಡೆಗಾಗಿ ಬಾಯಿ ತೆರೆಯುವವರು ಯಾರು?

ಬೆಟ್ಟ ಬೇಕೆನ್ನುವವರು ಸೇಡಂ ದಾಟಿ ಚಿಂಚೋಳಿಗೆ ಹೋಗಬೇಕು. ಎರೆ ಮುಗಿದು ಕೆಮ್ಮಣ್ಣು ತೊಡಗುತ್ತದೆ. ಕೊಂಚಾವರದತ್ತ ಗುಡ್ಡಗಳು ಕಾಡು ಹೊದ್ದು ಮಲಗಿವೆ. ಸಹ್ಯಾದ್ರಿಯ ಗಾಂಭೀರ್ಯವನ್ನು ಇಲ್ಲಿ ಅರಸಬಾರದು. ಆದರೆ ಬಯಲಲ್ಲಿ ಬೆಳೆದ ಕಣ್ಣಿಗೆ ಇಷ್ಟು ನೆರಳೇ ಒಂದು ಸಂಪತ್ತು. 2011ರಲ್ಲಿ ವನ್ಯಜೀವಿಧಾಮವೆಂದು ಸಾರಿದ ಸುಮಾರು 135 ಚದರ ಕಿಲೋಮೀಟರಿನ ಈ ಅಡವಿಯಲ್ಲಿ ತೋಳ, ಕತ್ತೆಕಿರುಬಗಳಿಗೂ ಠಾವುಂಟು. ಚಂದ್ರಂಪಳ್ಳಿಯ ಜಲಾಶಯದ ಏರಿಯ ಮೇಲೆ ಚಳಿಗಾಳಿಗೆ ಶಾಲು ಬಿಗಿದುಕೊಂಡು ನಿಂತವನಿಗೆ, ತಾನು ಕಲಬುರಗಿ ಜಿಲ್ಲೆಯಲ್ಲಿಯೇ ಇದ್ದೇನೆಯೆ ಎಂಬ ಅನುಮಾನ ಬಂದರೆ ಆಶ್ಚರ್ಯವಿಲ್ಲ. ಅರಣ್ಯ ಇಲಾಖೆಯ ಅನುಮತಿ ಪಡೆದು, ದಾರಿ ಬಲ್ಲ ತಾಂಡಾದವರೊಬ್ಬರನ್ನು ಜೊತೆಗೆ ಕರೆದುಕೊಂಡು ನಡೆಯುವುದು ಕ್ಷೇಮ. ಶಿವರಾತ್ರಿ ಕಳೆಯಿತೆಂದರೆ ಎಲೆಯುದುರಿ ಕಾಡು ಬಯಲಾಗುತ್ತದೆ. ಹೊರಡುವುದಾದರೆ ಸಂಕ್ರಾಂತಿಯ ಆಸುಪಾಸಿನಲ್ಲಿಯೇ ಹೊರಡಬೇಕು.